ಭಾರವೆತ್ತಿದ ಕೈಯಲ್ಲಿ ಲೇಖನಿ
ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರವರ ಬಾಳು

ಜನವರಿಯು ಪ್ರೊಫೆಸರ್ ಕೆ. ವಿ. ಅಯ್ಯರವರು ಹುಟ್ಟಿದ ತಿಂಗಳು. ಅವರು ಕಣ್ಮುಚ್ಚಿದ ತಿಂಗಳೂ ಅದೇ. 1898ನೆಯ ಜನವರಿ 8ರಂದು ಜನಿಸಿದ ಅವರು 1980ನೆಯ ಜನವರಿ 3ರಂದು ದಿವಂಗತರಾದರು. 82 ವರ್ಷಗಳು ತುಂಬುವುದಕ್ಕೆ ಐದೇ ದಿನಗಳು ಉಳಿದಿದ್ದುವು. 'ಶಾಂತಲಾ' ಕಾದಂಬರಿಯ ಕರ್ತೃವೆಂದು ಕೆಲವರು ಅವರನ್ನು ಬಲ್ಲರು. ಬೆಂಗಳೂರಿನ ವ್ಯಾಯಾಮಶಾಲೆಯ ಅಯ್ಯರ್ ಎಂದು ಇನ್ನು ಕೆಲವರು ಬಲ್ಲರು. ಈ ಇಬ್ಬರೂ ಒಬ್ಬರೇ ಎಂದೊಡನೆ ಹುಬ್ಬೇರಿಸುವವರೂ ಉಂಟು.

ಉಪ್ಪಲಿನ ಕನ್ನಡಿಗರ ಮುಂದೆ ಅವರ ಬಾಳನ್ನಿರಿಸಲು ನಮಗೊಂದು ಕಾರಣವಿದೆ. ಇಲ್ಲಿಯ ಕೈಗಾರಿಕಾ ಪ್ರದೇಶದ ಕಚೇರಿಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರೂ, ವರಂಗಲ್ ರಸ್ತೆಯ ಹೋಟೆಲುಗಳಲ್ಲಿ ದುಡಿಯುವ ತರುಣರೂ ನಮ್ಮೊಡನೆ ಮನಸ್ಸು ಬಿಚ್ಚಿ ಮಾತನಾಡುವುದುಂಟು. ಬೀದಿಗೊಂದು ವ್ಯಾಯಾಮಶಾಲೆ ತೆರೆದಿರುವ ಈ ಕಾಲದಲ್ಲಿಯೂ ಅವರಲ್ಲಿ ಅನೇಕರು ಬಾಗಿಲಿನಲ್ಲಿ ಇಣುಕಿ ಹಿಂದಿರುಗುವವರೇ. ಒಳಗಿರುವ ಕಟ್ಟುಮಸ್ತಾದ ಹುಡುಗರು ನಕ್ಕಾರೆಂದು ಒಬ್ಬನಿಗೆ ಅಳುಕು. ಎರಡು ಸಲ ಆರಂಭಿಸಿ ಎರಡು ಸಲವೂ ಬಿಟ್ಟೆನೆಂದು ಇನ್ನೊಬ್ಬನಿಗೆ ನಾಚಿಕೆ. ಮೂವತ್ತೈದು ದಾಟಿದ ಮೇಲೆ ಇನ್ನೇನು ಫಲವೆಂದು ಮತ್ತೊಬ್ಬನ ನಿಟ್ಟುಸಿರು. ನಪಾಸಾದ ಪರೀಕ್ಷೆಗೆ ಮರಳಿ ಕಟ್ಟಬೇಕೆಂದಾಗಲೂ, ಸಪ್ಲೈಯರ್ ಕೆಲಸದಿಂದ ಅಡಿಗೆಯ ಕೆಲಸಕ್ಕೆ ಬಡ್ತಿ ಕೇಳಬೇಕೆಂದಾಗಲೂ ಇವೇ ಮಾತುಗಳು ಕೇಳಿಬರುವುವು. ಇದನ್ನು ಸೋಮಾರಿತನವೆಂದು ಜರೆಯುವುದು ಅನ್ಯಾಯ. ದಿನಕ್ಕೆ ಹನ್ನೆರಡು ಗಂಟೆಗಳ ಕಾಲ ನಿಂತು ದುಡಿಯುವವನು ಸೋಮಾರಿಯಾಗಲಾರ. ಅವನನ್ನು ತಡೆದಿರುವುದು ಸೋಲಿನ ಭಯ. ಈ ಭಯಕ್ಕೆ ಅಯ್ಯರವರ ಬಾಳಿನಲ್ಲಿ ಒಂದು ಮದ್ದು ಇದೆಯೆಂದು ನಮ್ಮ ನಂಬಿಕೆ.

ಹುಟ್ಟು ಮತ್ತು ಕಾಲ

ಅಯ್ಯರವರ ಪೂರ್ಣ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಹುಟ್ಟಿದ್ದು ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ. ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಆಡಿ ಬೆಳೆಯುವ ಸೀಮೆಯದು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುವ ಹೈದರಾಬಾದಿನ ಕನ್ನಡಿಗರಿಗೆ ಆ ಸೀಮೆಯ ಪರಿಚಯವನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ.

ಅವರ ಬಾಲ್ಯದ ಕಾಲವು ದೇಹಬಲಕ್ಕೆ ಹೊಸ ಗೌರವ ಬಂದ ಕಾಲ. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರಾದ ಯೂಜೀನ್ ಸ್ಯಾಂಡೋ ಎಂಬ ಬಲಶಾಲಿಯು 1904-05ರಲ್ಲಿ ಭಾರತದ ನಗರಗಳಲ್ಲಿ ಸಂಚರಿಸಿ ಪ್ರದರ್ಶನಗಳನ್ನಿತ್ತನು. ಕಬ್ಬಿಣದ ಡಂಬೆಲ್ಲುಗಳಿಂದ ಮೈಯನ್ನು ಕ್ರಮವಾಗಿ ತಿದ್ದಬಹುದೆಂಬ ಅವನ ಬೋಧನೆಯು ಇಲ್ಲಿಯ ತರುಣರ ಮನಸ್ಸನ್ನು ಸೆಳೆಯಿತು. ಒಲೆಯ ಮುಂದೆ ನಮ್ಮ ಭಟ್ಟರು ಧರಿಸುವ ತೋಳಿಲ್ಲದ ಬನಿಯನ್ನಿಗೆ ಸ್ಯಾಂಡೋ ಬನಿಯನ್ ಎಂದು ಹೆಸರು ಬಂದುದು ಅವನಿಂದಲೇ. ಅವನಿಗೆ ಸರಿಸಮನಾಗಿ ನಮ್ಮ ನೆರೆಯ ಆಂಧ್ರದಲ್ಲಿ ವೀರಘಟ್ಟದ ಕೋಡಿ ರಾಮಮೂರ್ತಿ ನಾಯುಡು ಪ್ರಸಿದ್ಧರಾದರು. ಎದೆಗೆ ಬಿಗಿದ ಸರಪಣಿಯನ್ನು ಉಸಿರು ತುಂಬಿ ಹರಿಯುವುದು, ಹೊರಟ ಮೋಟಾರನ್ನು ತಡೆದು ನಿಲ್ಲಿಸುವುದು ಇವೇ ಮೊದಲಾದ ಸಾಹಸಗಳಿಂದ ಅವರು ಕಲಿಯುಗ ಭೀಮನೆಂದು ಕರೆಯಿಸಿಕೊಂಡರು.

ಇವರೆಲ್ಲರಿಗಿಂತ ಮೊದಲೇ ನಮ್ಮ ನಾಡಿನಲ್ಲಿ ಗರಡಿಮನೆಗಳಿದ್ದುವು. ಮೈಸೂರಿನಲ್ಲಿ ಗರಡಿ ಹೇಗೋ ಹೈದರಾಬಾದಿನ ಹಳೆಯ ಊರಿನಲ್ಲಿ ತಾಲೀಮ್‌ಖಾನೆ ಹಾಗೆ. ಕೆಮ್ಮಣ್ಣಿನ ಅಖಾಡ, ಗೋಡೆಯ ಮೇಲೆ ಹನುಮಂತನ ಚಿತ್ರ, ಮೂಲೆಯಲ್ಲಿ ಗದೆ, ಮುಂಜಾವಿನಲ್ಲಿ ದಂಡ, ಬಸ್ಕಿ, ಬಳಿಕ ಕುಸ್ತಿ. ಆದರೆ ಗರಡಿಯು ಬಹುಮಟ್ಟಿಗೆ ಕುಸ್ತಿಗಾರನಾಗುವವನ ಮನೆ. ಕಚೇರಿಗೆ ಹೋಗುವ ಗುಮಾಸ್ತನೂ ಕಾಲೇಜಿನ ಹುಡುಗನೂ ಅಲ್ಲಿ ಕಾಲಿಡಲು ಹಿಂಜರಿಯುತ್ತಿದ್ದರು. ಅಂಥವರಿಗಾಗಿ ಬಾಗಿಲು ತೆರೆದವರು ಅಯ್ಯರವರು.

ಹರ್ಕ್ಯುಲೀಸ್ ಜಿಮ್ನೇಷಿಯಂ

1920ರ ದಶಕದಲ್ಲಿ ಅಯ್ಯರವರು ಬೆಂಗಳೂರಿನಲ್ಲಿ ಹರ್ಕ್ಯುಲೀಸ್ ಜಿಮ್ನೇಷಿಯಂ ಎಂಬ ವ್ಯಾಯಾಮಶಾಲೆಯನ್ನು ನಡೆಸತೊಡಗಿದರು. ಹರ್ಕ್ಯುಲೀಸನು ಗ್ರೀಕರ ಪುರಾಣದ ಮಹಾಬಲಶಾಲಿ, ನಮ್ಮ ಭೀಮಸೇನನಿದ್ದಂತೆ. ಹೆಸರು ಪಶ್ಚಿಮದ್ದಾದರೂ ಪಾಠವು ಎರಡು ದಿಕ್ಕುಗಳನ್ನೂ ಕೂಡಿಸಿದುದಾಗಿತ್ತು. ಕಬ್ಬಿಣದ ಭಾರಗಳನ್ನೆತ್ತುವ ಪಾಶ್ಚಾತ್ಯ ಕ್ರಮಕ್ಕೆ ನಮ್ಮ ಹಠಯೋಗದ ಆಸನಗಳನ್ನು ಅಯ್ಯರವರು ಜೋಡಿಸಿದರು. ಭಾರದಿಂದ ಮಾಂಸಖಂಡಕ್ಕೆ ಬಲ ಬರುವಂತೆ ಆಸನಗಳಿಂದ ಒಳಗಿನ ಅಂಗಗಳಿಗೆ ಆರೋಗ್ಯ ಬರಬೇಕೆಂಬುದು ಅವರ ಮತವಾಗಿತ್ತು. ಯೋಗಾಸನಗಳ ಕುರಿತು ಗ್ರಂಥ ಬರೆದ ಸುಂದರಂರವರು ಈ ಕಾರ್ಯದಲ್ಲಿ ಅವರ ಸಹಚರರಾಗಿದ್ದರು.

ಬರಿಯ ದೈತ್ಯಬಲವು ಅವರ ಗುರಿಯಾಗಿರಲಿಲ್ಲ. ಶಿಲ್ಪಿಯು ಕಡೆದ ವಿಗ್ರಹದಂತೆ ಪ್ರಮಾಣಬದ್ಧವಾದ ಮೈಕಟ್ಟನ್ನು ಅವರು ಬಯಸಿದರು. ತಮ್ಮ ದೇಹವನ್ನೇ ಮೊದಲು ತಿದ್ದಿ, ಅದರ ಛಾಯಾಚಿತ್ರಗಳನ್ನು ಪುಸ್ತಕಗಳಲ್ಲಿ ಮುದ್ರಿಸಿದರು. ಅವರ ಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿಯೂ ಕಾಣಿಸಿಕೊಂಡುವು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್', 1937ರಲ್ಲಿ 'ಸೂರ್ಯ ನಮಸ್ಕಾರ' ಎಂಬ ಇಂಗ್ಲಿಷ್ ಗ್ರಂಥಗಳನ್ನು ಅವರು ಹೊರತಂದರು. ಔಂಧ್ ಸಂಸ್ಥಾನದ ಅರಸರು ಸೂರ್ಯ ನಮಸ್ಕಾರವನ್ನು ದೇಶದಲ್ಲೆಲ್ಲ ಪ್ರಚಾರಪಡಿಸುತ್ತಿದ್ದ ಕಾಲವದು.

ಭಾರದ ಸಾಧನೆಯ ಒಳಗುಟ್ಟನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಈ ವಿದ್ಯೆಯಲ್ಲಿ ಯಾರೂ ಮೊದಲ ದಿನ ದೊಡ್ಡ ಭಾರಕ್ಕೆ ಕೈ ಹಾಕುವುದಿಲ್ಲ. ಇಂದು ಸುಲಭವಾಗಿ ಎತ್ತಬಲ್ಲುದನ್ನು ಎತ್ತಬೇಕು. ಅದು ಹಗುರವೆನಿಸಿದಾಗ ಸ್ವಲ್ಪವೇ ಹೆಚ್ಚಿಸಬೇಕು. ಮಾಂಸಖಂಡವು ತನಗೆ ಬಿದ್ದ ಹೊರೆಗೆ ಉತ್ತರವಾಗಿ ಬೆಳೆಯುತ್ತದೆ. ಅದೂ ವಿಶ್ರಾಂತಿಯ ಹೊತ್ತಿನಲ್ಲಿ, ಊಟ ನಿದ್ರೆಗಳ ಬೆಂಬಲದಿಂದ. ಎತ್ತುತ್ತ ಎತ್ತುತ್ತ ಇನ್ನೊಂದು ಸಲ ಎತ್ತಲಾರೆನೆಂಬ ಘಟ್ಟವು ಬಂದೇ ಬರುವುದು. ವ್ಯಾಯಾಮಶಾಸ್ತ್ರವು ಆ ಘಟ್ಟವನ್ನು ಸೋಲು ಎಂದೇ ಹೆಸರಿಸಿದೆ. ಆದರೆ ಆ ಸೋಲಿಗೆ ಅಂಜುವ ಸಾಧಕನು ಎಲ್ಲಿಯೂ ಇಲ್ಲ. ಅದು ಇಂದಿನ ಅಳತೆ. ನಾಳೆ ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಗುರುತು. ಮಹಾಬಲಶಾಲಿಗೂ ಆ ಘಟ್ಟವುಂಟು, ನಿನ್ನೆ ಸೇರಿದ ಹುಡುಗನಿಗೂ ಉಂಟು; ಮೊದಲಿನವನಿಗೆ ಅದು ಹೆಚ್ಚಿನ ತೂಕದಲ್ಲಿ ಬರುವುದು, ಅಷ್ಟೇ. ಹೀಗೆ ಪ್ರತಿದಿನವೂ ಸೋಲಿನ ಅಂಚನ್ನು ಮುಟ್ಟಿ ಹಿಂದಿರುಗುವವನಿಗೆ ಸೋಲು ಪರಿಚಿತನಾದ ನೆರೆಯವನಂತಾಗುವುದು. ನೆರೆಯವನಿಗೆ ಯಾರು ಹೆದರುವರು?

ಅಂಚೆಯಲ್ಲಿ ಬಂದ ಗುರು

ಅಯ್ಯರವರ ಇನ್ನೊಂದು ಕಾರ್ಯವು ನಮ್ಮ ಗುಮಾಸ್ತ ವಾಚಕರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಅವರು ಅಂಚೆಯ ಮೂಲಕ ವ್ಯಾಯಾಮ ಶಿಕ್ಷಣವನ್ನು ನಡೆಸಿದರು. ದೂರದ ಊರಿನಲ್ಲಿರುವ ಶಿಷ್ಯನು ಶುಲ್ಕ ಕಳುಹಿಸಿ ಪಾಠಗಳನ್ನು ತರಿಸಿಕೊಂಡು ತನ್ನ ಕೋಣೆಯಲ್ಲಿಯೇ ಸಾಧನೆ ಮಾಡಬಹುದಾಗಿತ್ತು. ದೂರದರ್ಶನವಾಗಲಿ ದೂರವಾಣಿಯ ಚಿತ್ರಗಳಾಗಲಿ ಇಲ್ಲದ ಆ ದಿನಗಳಲ್ಲಿ ಇದೊಂದು ದೊಡ್ಡ ಅನುಕೂಲವೇ ಸರಿ.

ಇದರ ಉಪಯೋಗವು ದೂರವನ್ನು ಕಳೆದುದರಲ್ಲಿ ಮಾತ್ರವಿತ್ತೆಂದು ನಮಗೆ ತೋರುವುದಿಲ್ಲ. ಮೊದಲ ತಿಂಗಳಿನ ಸಾಧನೆಯು ನೋಡುವವರ ಕಣ್ಣಿಗೆ ಚೆಂದವಾಗಿರುವುದಿಲ್ಲ. ಕೈ ನಡುಗುವುದು, ಎಣಿಕೆ ತಪ್ಪುವುದು, ಉಸಿರು ಕಟ್ಟುವುದು. ನಾಲ್ಕು ಜನರ ಎದುರಿಗೆ ಅದು ಅವಮಾನವೆನಿಸಿ ಎಷ್ಟೋ ಜನರು ಬಿಟ್ಟುಬಿಡುವರು. ಬಾಗಿಲು ಹಾಕಿದ ಕೋಣೆಯಲ್ಲಿ ನಗುವವರಾರು? ಅಂಚೆಯಲ್ಲಿ ಬಂದ ಪಾಠವು ಶಿಷ್ಯನಿಗೆ ಯಾರೂ ಕಾಣದಂತೆ ತಪ್ಪುವ ಸ್ವಾತಂತ್ರ್ಯವನ್ನು ಕೊಟ್ಟಿತು. ಕಲಿಯುವವನಿಗೆ ಇಂಥ ನಾಲ್ಕು ಗೋಡೆಗಳು ಕೆಲವು ತಿಂಗಳುಗಳಾದರೂ ಬೇಕು.

ಅರಮನೆ, ಕೈಲಾಸಂ, ರಂಗಭೂಮಿ

ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರ ಅನಾರೋಗ್ಯದ ಕಾಲದಲ್ಲಿ ಅಯ್ಯರವರು ಅಂಗಮರ್ದನ ಮತ್ತು ವ್ಯಾಯಾಮಗಳ ಮೂಲಕ ಸೇವೆ ಸಲ್ಲಿಸಿ ಅವರ ಮನ್ನಣೆಗೆ ಪಾತ್ರರಾದರು. ಆ ಆಶ್ರಯದ ಬಲದಿಂದ 1940ರ ಸುಮಾರಿಗೆ ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ 'ವ್ಯಾಯಾಮಶಾಲೆ' ಎಂಬ ದೊಡ್ಡ ಸಂಸ್ಥೆಯು ಎದ್ದುನಿಂತಿತು. ನಾಲ್ವಡಿಯವರು ತೀರಿಕೊಂಡುದೂ ಅದೇ 1940ರಲ್ಲಿ.

ಭಾರವೆತ್ತುವ ಆ ಮನೆಯಲ್ಲಿಯೇ ನಾಟಕವೂ ಬೆಳೆದುದು ಕನ್ನಡದ ಭಾಗ್ಯ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದು, ಸರ್ಕಾರದ ಕೆಲಸವನ್ನು ಬಿಟ್ಟು ರಂಗಭೂಮಿಗೆ ತಮ್ಮನ್ನು ತೆತ್ತುಕೊಂಡ ಟಿ. ಪಿ. ಕೈಲಾಸಂ ಅಯ್ಯರವರ ಆಪ್ತ ಗೆಳೆಯರಾಗಿದ್ದರು. ಬಾಯಲ್ಲಿ ಹೇಳಿ ಬೇರೆಯವರಿಂದ ನಾಟಕಗಳನ್ನು ಬರೆಯಿಸುವುದು ಕೈಲಾಸಂರವರ ರೂಢಿ. ಅಂಥ ಗೆಳೆಯನನ್ನು ಆದರದಿಂದ ಕಂಡವರಲ್ಲಿ ಅಯ್ಯರವರು ಮುಖ್ಯರು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅವರ ಸ್ಮರಣೆಗಳನ್ನು ಪುಸ್ತಕವಾಗಿ ಬರೆದು ಗೆಳೆತನದ ಋಣವನ್ನು ಸಲ್ಲಿಸಿದರು. ವ್ಯಾಯಾಮಶಾಲೆಯ ಆಶ್ರಯದಲ್ಲಿ ರವಿ ಕಲಾವಿದರು ಎಂಬ ಹವ್ಯಾಸಿ ನಾಟಕತಂಡವೂ ರೂಪುಗೊಂಡಿತು. ಸಭೆಯ ಎದುರಿಗೆ ಮಾತು ಮರೆತೀತೆಂಬ ಅಂಜಿಕೆಯು ಭಾರ ಎತ್ತಲಾರೆನೆಂಬ ಅಂಜಿಕೆಯ ಒಡಹುಟ್ಟೇ ಅಲ್ಲವೇ? ಎರಡಕ್ಕೂ ಒಂದೇ ಸೂರಿನಡಿಯಲ್ಲಿ ಔಷಧ ದೊರೆಯಿತು.

ಐವತ್ತರ ಹೊಸಿಲಿನಲ್ಲಿ

ಈಗ ನಮ್ಮ ಮನಸ್ಸನ್ನು ಬಹುವಾಗಿ ಸೆಳೆದ ಘಟ್ಟಕ್ಕೆ ಬರುತ್ತೇವೆ. ಐವತ್ತರ ಆಸುಪಾಸಿಗೆ ಬಂದ ಅಯ್ಯರವರಿಗೆ ಹೆಸರಿಗೆ ಕೊರತೆಯಿರಲಿಲ್ಲ, ಶಿಷ್ಯರಿಗೂ ಕೊರತೆಯಿರಲಿಲ್ಲ. ಸುಮ್ಮನಿದ್ದಿದ್ದರೆ ವ್ಯಾಯಾಮಾಚಾರ್ಯರೆಂಬ ಕೀರ್ತಿಗೆ ಯಾವ ಕುಂದೂ ಬರುತ್ತಿರಲಿಲ್ಲ. ಅಂಥವರು ಆ ವಯಸ್ಸಿನಲ್ಲಿ ಕಾದಂಬರಿಕಾರರಾಗಲು ಹೊರಟರು. ಕನ್ನಡದಲ್ಲಿ ಆಗ ಸಾಹಿತ್ಯವೆಂದರೆ ಬಹುಮಟ್ಟಿಗೆ ಪದವೀಧರರ, ಪ್ರಾಧ್ಯಾಪಕರ ಕ್ಷೇತ್ರ. ಡಂಬೆಲ್ಲು ಹಿಡಿದ ಕೈಗೆ ಲೇಖನಿಯೇಕೆ ಎಂದು ಕೇಳುವವರಿಗೆ ಎಂದೂ ಬರಗಾಲವಿಲ್ಲ. ಒಂದು ಕ್ಷೇತ್ರದಲ್ಲಿ ಗೆದ್ದವನಿಗೆ ಇನ್ನೊಂದರಲ್ಲಿ ಸೋಲುವ ಅಪಾಯವು ಏನೂ ಇಲ್ಲದವನಿಗಿಂತ ದೊಡ್ಡದು. ಕಳೆದುಕೊಳ್ಳಲು ಅವನಲ್ಲಿ ಹೆಸರಿದೆ.

ಅವರು ಆರಿಸಿಕೊಂಡ ವಸ್ತುವೂ ಸುಲಭದ್ದಲ್ಲ. 'ರೂಪದರ್ಶಿ'ಯ ಕಥೆಯು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ನಡೆಯುವುದು. ಮೈಕೆಲಾಂಜೆಲೋ ಎಂಬ ಮಹಾಕಲಾವಿದನು ಬಾಲಕ್ರಿಸ್ತನ ಚಿತ್ರಕ್ಕಾಗಿ ಮುಗ್ಧನಾದ ಮಗುವೊಂದನ್ನು ಹುಡುಕಿ ರೂಪದರ್ಶಿಯಾಗಿ ಕೂರಿಸುತ್ತಾನೆ. ಬಹುವರ್ಷಗಳ ಅನಂತರ ದ್ರೋಹಿಯಾದ ಜೂಡಾಸನ ಚಿತ್ರಕ್ಕೆ ಕ್ರೂರಮುಖವೊಂದನ್ನು ಅರಸಿ ಹೊರಟಾಗ ಅವನಿಗೆ ದೊರಕುವವನು ಅದೇ ಮಗು, ಪತಿತನಾದ ಮನುಷ್ಯನಾಗಿ. ಮೈಯ ರೂಪವನ್ನು ತಿದ್ದುವುದರಲ್ಲಿ ಆಯುಷ್ಯವನ್ನು ಸವೆಸಿದವರು, ಬಾಳು ಕೆಟ್ಟಾಗ ಮುಖದ ರೂಪವೂ ಹೇಗೆ ಕೆಡುವುದೆಂದು ಬರೆದರು. ತಮ್ಮ ಕಸುಬಿನ ಅನುಭವವೇ ಅವರಿಗೆ ಸಾಹಿತ್ಯದ ಬಂಡವಾಳವಾಯಿತೆಂದು ನಮಗೆ ತೋರುತ್ತದೆ.

ಮೈಕೆಲಾಂಜೆಲೋನ ವಿಚಾರವಾಗಿ ಇತಿಹಾಸದ ಒಂದು ಸಂಗತಿಯು ಇಲ್ಲಿ ನೆನಪಿಗೆ ಬರುತ್ತದೆ. ಅವನ ಪ್ರಸಿದ್ಧ ಡೇವಿಡ್ ವಿಗ್ರಹವನ್ನು ಕಡೆದುದು ಬೇರೆ ಶಿಲ್ಪಿಗಳು ಆರಂಭಿಸಿ ಕೈಬಿಟ್ಟಿದ್ದ ಅಮೃತಶಿಲೆಯಲ್ಲಿ. ದಶಕಗಳ ಕಾಲ ಮಳೆಬಿಸಿಲುಗಳಲ್ಲಿ ಬಿದ್ದಿದ್ದ ಆ ಕಲ್ಲನ್ನು 1501ರಲ್ಲಿ ಅವನು ಕೈಗೆತ್ತಿಕೊಂಡು 1504ರಲ್ಲಿ ಮುಗಿಸಿದನು. ಸೋತವರು ಬಿಟ್ಟುಹೋದ ಕಲ್ಲೂ ಕಲ್ಲೇ. ಎರಡು ಸಲ ಬಿಟ್ಟ ಸಾಧನೆಯೂ ಸಾಧನೆಯೇ. ಮೂರನೆಯ ಸಲಕ್ಕೆ ಅದು ಕಾಯುತ್ತಿರುತ್ತದೆ.

'ಶಾಂತಲಾ' ಕಾದಂಬರಿಯಲ್ಲಿ ಅಯ್ಯರವರು ಸ್ವದೇಶಕ್ಕೆ ಮರಳಿದರು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ, ನಾಟ್ಯವಿಶಾರದೆ ಶಾಂತಲೆಯ ಕಥೆಯಿದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಕಾಲವದು. 1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದಳು. ಶಾಸನಗಳಲ್ಲಿ ಹೆಸರಾಗಿ ಉಳಿದಿದ್ದ ರಾಣಿಯನ್ನು ಅಯ್ಯರವರು ಕನ್ನಡಿಗರ ಮನೆಮಾತಾಗಿಸಿದರು. 'ರೂಪದರ್ಶಿ', 'ಶಾಂತಲಾ' ಎರಡೂ ಮರುಮುದ್ರಣಗಳನ್ನು ಕಂಡು ಇಂದಿಗೂ ಓದುಗರನ್ನು ಪಡೆದಿವೆ. 'ಲೀನಾ' ಅವರ ಮತ್ತೊಂದು ಕಾದಂಬರಿ. ವ್ಯಾಯಾಮಕ್ಕಾಗಿ ಅವರನ್ನು ಬಲ್ಲವರಿಗಿಂತ ಈ ಪುಸ್ತಕಗಳಿಂದ ಬಲ್ಲವರೇ ಇಂದು ಹೆಚ್ಚು. ಐವತ್ತರಲ್ಲಿ ಹಿಡಿದ ಲೇಖನಿಯು ಇಪ್ಪತ್ತರಲ್ಲಿ ಹಿಡಿದ ಭಾರಕ್ಕಿಂತ ಹೆಚ್ಚು ಕಾಲ ಬಾಳಿತು.

ನಮಗಿದರಿಂದ ಏನು?

ಅಯ್ಯರವರಿಗೆ ಅರಸರ ಆಶ್ರಯವಿತ್ತು, ಕೈಲಾಸಂರಂಥ ಗೆಳೆಯರಿದ್ದರು, ನಮಗೇನಿದೆ ಎಂದು ಕೇಳುವವರಿರಬಹುದು. ಪ್ರಶ್ನೆಯು ಸಹಜವಾದುದೇ. ಆದರೆ ಆಶ್ರಯವೂ ಹೆಸರೂ ದೊರೆಯುವುದಕ್ಕೆ ಮೊದಲೇ ಭಾರವೆತ್ತುವ ಕೆಲಸವು ನಡೆದಿತ್ತು. ಅರಸರು ಹಣ ಕೊಡಬಲ್ಲರು. ಒಬ್ಬನ ಪಾಲಿನ ಬಸ್ಕಿಯನ್ನು ಇನ್ನೊಬ್ಬನು ಹೊಡೆಯಲಾರನು.

ಇನ್ನು ಕ್ರಮದ ಮಾತು. ನಮ್ಮ ಹೋಟೆಲು ಹುಡುಗರು ಈ ವಿದ್ಯೆಯನ್ನು ತಮಗರಿಯದಂತೆಯೇ ಕಲಿತಿರುವರೆಂದು, ಗಲ್ಲಾದ ಹಿಂದೆ ಹಲವು ವರ್ಷ ಕುಳಿತಿದ್ದ ನಾವು ಬಲ್ಲೆವು. ಊರಿನಿಂದ ಬಂದ ಹೊಸ ಹುಡುಗನ ಕೈಗೆ ಮೊದಲ ದಿನವೇ ಎಂಟು ಲೋಟ ಕಾಫಿಯನ್ನು ಯಾರೂ ಕೊಡುವುದಿಲ್ಲ. ಮೊದಲು ಎರಡು, ಆಮೇಲೆ ನಾಲ್ಕು. ನಡುವೆ ಒಂದೆರಡು ಲೋಟ ಚೆಲ್ಲುವುದೂ ಉಂಟು. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಹುಡುಗನು ಮೊಣಕೈವರೆಗೆ ದೋಸೆಯ ತಟ್ಟೆಗಳನ್ನು ಜೋಡಿಸಿಕೊಂಡು ಗಿರಾಕಿಗಳ ನಡುವೆ ನುಸುಳುವನು. ಚೆಲ್ಲಿದ ಕಾಫಿಯನ್ನು ನೆನೆದು ಅವನು ಅಳುತ್ತ ಕೂರಲಿಲ್ಲ. ಇದೇ ಕ್ರಮವು ದೇಹಕ್ಕೂ ಸಲ್ಲುವುದು, ಪರೀಕ್ಷೆಗೂ ಸಲ್ಲುವುದು.

ದೇಹಕ್ಕೆ ಹೀಗೆ ಆರಂಭಿಸಬಹುದು. ನೆಲದ ಮೇಲೆ ದಂಡ ಹೊಡೆಯಲಾರದವನು ಗೋಡೆಗೆ ಕೈಯೂರಿ ಹೊಡೆಯಲಿ. ಅದು ಸುಲಭವಾದ ಮೇಲೆ ಅಲುಗಾಡದ ಮಂಚದ ಅಂಚಿಗೆ, ಬಳಿಕ ನೆಲಕ್ಕೆ. ಪೂರ್ತಿ ಬಸ್ಕಿ ಬಾರದವನು ಸ್ಟೂಲಿನ ಮೇಲೆ ಕುಳಿತು ಏಳಲಿ. ವಾರದಲ್ಲಿ ಎರಡು ದಿನಗಳಾದರೂ ಮೈಯ ಮುಖ್ಯ ಮಾಂಸಖಂಡಗಳಿಗೆಲ್ಲ ಬಲದ ವ್ಯಾಯಾಮ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ಮಾಡಿದೆ. ಹಗಲೆಲ್ಲ ನಿಂತು ಓಡಾಡುವ ಕೆಲಸವು ಈ ಎರಡು ದಿನಗಳಿಗೆ ಬದಲಿಯಾಗದು. ದಣಿವು ಬೇರೆ, ಬಲ ಬೇರೆ. ಮೊದಲ ಕೆಲವು ವಾರಗಳಲ್ಲಿ ಬರುವ ಬಲವು ಬಹುಪಾಲು ನರಗಳ ಕಲಿಕೆಯಿಂದ ಬಂದುದು. ಮಾಂಸಖಂಡ ಬೆಳೆದುದು ಕಣ್ಣಿಗೆ ಕಾಣಲು ತಿಂಗಳುಗಳು ಬೇಕು. ಆದುದರಿಂದ ಹದಿನೈದು ದಿನಕ್ಕೆ ಕನ್ನಡಿಯ ಮುಂದೆ ನಿಂತು ಸೋತೆನೆಂದು ತೀರ್ಪು ಕೊಡಬಾರದು. ಪ್ರತಿಸಲವೂ ಶಕ್ತಿ ಪೂರ್ತಿ ಮುಗಿಯುವವರೆಗೆ ಹೋಗಬೇಕಾದುದೂ ಇಲ್ಲ. ಇನ್ನೊಂದೆರಡು ಸಲ ಆದೀತೆನ್ನುವಾಗ ನಿಲ್ಲಿಸಿದರೂ ಫಲವುಂಟು. ಅರುವತ್ತು ದಾಟಿದವರಲ್ಲಿಯೂ ಇಂಥ ಸಾಧನೆಯಿಂದ ಬಲ ಹೆಚ್ಚುವುದು ಈಗ ಸಿದ್ಧಪಟ್ಟ ಸಂಗತಿ. ರಕ್ತದೊತ್ತಡ, ಹೃದಯದ ತೊಂದರೆ, ಸೊಂಟನೋವುಗಳಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಸಾಂಬಾರಿನ ಕೊಳದಪ್ಪಲೆಯನ್ನಾಗಲಿ ಅಕ್ಕಿಯ ಮೂಟೆಯನ್ನಾಗಲಿ ಎತ್ತುವಾಗ ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸುವುದು ಎಲ್ಲರಿಗೂ ಹಿತ.

ಒಂದು ಸಣ್ಣ ಪುಸ್ತಕದಲ್ಲಿ ಎಣಿಕೆಯನ್ನು ಬರೆದಿಡುವುದು ಒಳ್ಳೆಯದು. ಲೆಕ್ಕವಿಡುವುದರಲ್ಲಿ ನಮ್ಮ ಗುಮಾಸ್ತರಿಗೆ ಯಾರೂ ಪಾಠ ಹೇಳಬೇಕಿಲ್ಲ. ನಿನ್ನೆ ಐದು, ಇಂದು ಐದು, ಮುಂದಿನ ವಾರ ಆರು. ನಡುವೆ ಒಂದು ದಿನ ನಾಲ್ಕಕ್ಕೆ ಕೈಸೋತರೆ ನಾಲ್ಕೆಂದೇ ಬರೆಯಲಿ. ಖರ್ಚನ್ನು ಮುಚ್ಚಿಟ್ಟ ಲೆಕ್ಕಕ್ಕೆ ಬೆಲೆಯಿಲ್ಲದಂತೆ ಸೋಲನ್ನು ಮುಚ್ಚಿಟ್ಟ ಸಾಧನೆಗೂ ಬೆಲೆಯಿಲ್ಲ.

ಹನುಮಂತನಿಗೆ ಸಮುದ್ರವನ್ನು ಹಾರುವ ಬಲವು ಹುಟ್ಟಿನಿಂದಲೇ ಇತ್ತು. ಅದನ್ನು ನೆನಪಿಸಲು ಜಾಂಬವಂತನು ಬೇಕಾಯಿತು. ಗರಡಿಯ ಗೋಡೆಯ ಮೇಲೆ ಅವನ ಚಿತ್ರವಿರುವುದು ಇದಕ್ಕಾಗಿಯೇ ಎಂದು ನಾವು ಭಾವಿಸುತ್ತೇವೆ. ಉಪ್ಪಲಿನ ನಮ್ಮ ತರುಣರಿಗೆ ದೇವರಾಯಸಮುದ್ರದಲ್ಲಿ ಹುಟ್ಟಿದ ಈ ಕನ್ನಡಿಗನ ಬಾಳು ಜಾಂಬವಂತನ ಕೆಲಸವನ್ನು ಮಾಡಲಿ. ಇನ್ನೊಂದು ಜನವರಿ ಬರುವಷ್ಟರಲ್ಲಿ, ಗೋಡೆಗೆ ಕೈಯೂರಿದವನು ನೆಲಕ್ಕೆ ಇಳಿದಿರಲಿ. ನಪಾಸಾದವನು ಮತ್ತೊಮ್ಮೆ ಪರೀಕ್ಷೆಯ ಶುಲ್ಕ ಕಟ್ಟಿರಲಿ.